ಅತ್ತೆಯವರ ಸಾ, ನನ್ನ ಇನ್ನೂರೈವತ್ತು ವೋಲ್ಟು

ನಮ್ಮ ಮನೆಯ ಆಂಪ್ಲಿಫೈಯರ್ ಯಾರೂ ಹಾಡು ಹಚ್ಚದಿದ್ದರೂ ಬೆಚ್ಚಗಿರುತ್ತಿತ್ತು.

ಸಂಜೆ ಕಾಲೇಜಿನಿಂದ ಬಂದು ಮುಟ್ಟಿದರೆ ಮೈಯೆಲ್ಲ ಬಿಸಿ. ಯಾರು ಆನ್ ಮಾಡಿದ್ದರು? ಹೆಂಡತಿ ಶೈಲಾಗೆ ಅದರ ಮುಖ ಕಂಡರಾಗದು. ಉಳಿದವರೆಂದರೆ ಅವಳ ಅವ್ವ, ನಮ್ಮ ಅತ್ತೆಯವರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಮ್ಮಿನಬಾವಿಯಿಂದ ಧಾರವಾಡಕ್ಕೆ ಬಂದು ನಮ್ಮಲ್ಲೇ ಇದ್ದರು. ಟೀವಿ ನೋಡುವ ಹಾಗಿಲ್ಲವಲ್ಲ, ಹಾಡಾದರೂ ಕೇಳಲಿ ಎಂದು ಅವರಿಗೆ ಸ್ವಿಚ್ ತೋರಿಸಿಕೊಟ್ಟವನು ನಾನೇ.

"ಅತ್ತಿ, ಸ್ವಿಚ್ ಒಂದ ಒತ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಒಳಗ ಇನ್ನೂರೈವತ್ತು ವೋಲ್ಟ್ ಐತಿ, ಶಾಕ್ ಹೊಡಿತೈತಿ!"

ಹಾಡು ಹಚ್ಚಿದ್ದಿರಾ ಎಂದು ಕೇಳಿದರೆ, "ಇಲ್ರಿ ಅಳಿಯಂದಿರ, ನನಗ ಹಾಡು ಹಚ್ಚಾಕ ಎಲ್ಲಿ ಬರತೈತ್ರಿ?" ಎಂದರು. ಸುಳ್ಳು ಹೇಳುವವರಲ್ಲ. ನಾನು ತಪ್ಪೆಲ್ಲ ಮಧ್ಯಾಹ್ನದ ಬಿಸಿಲಿನ ಮೇಲೆ ಹಾಕಿ ಸುಮ್ಮನಾದೆ.

ಇದು ಅಂಗಡಿಯಲ್ಲಿ ಸಿಗುವ ಆಂಪ್ಲಿಫೈಯರ್ ಅಲ್ಲ. ಹಳೇ ರೇಡಿಯೋದೊಳಗೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳಿರುತ್ತಿದ್ದವಲ್ಲ, ಅವನ್ನು ಹುಡುಕಿ ತಂದು ನಾನೇ ಕಟ್ಟಿದ್ದು. ಪುಟ್ಟದು. (ನಾನು ಹಾಗೆ ಹೇಳುತ್ತೇನೆ.) ಆದರೆ ವಾಲ್ವುಗಳಿಗೆ ಹೈ ವೋಲ್ಟೇಜ್ ಬೇಕು. ಅದನ್ನು ಕೊಡುವ ಟ್ರಾನ್ಸ್‌ಫಾರ್ಮರ್ ಪುಟ್ಟದಲ್ಲ. ಅದು ಬೇರೆ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಾಲ್‌ನಲ್ಲಿ ಸೋಫಾದ ಪಕ್ಕ ಕೂತಿತ್ತು. ಬಂದವರೆಲ್ಲ, "ಬೋರ್‌ವೆಲ್ ಸ್ಟಾರ್ಟರ್ ಹಾಲ್‌ನ್ಯಾಗ ಯಾಕ ಇಟ್ಟೀರಿ?" ಎಂದು ಕೇಳುತ್ತಿದ್ದರು. ಸಾಲದ್ದಕ್ಕೆ, ಆನ್ ಮಾಡಿದ ಕೂಡಲೇ ಪೆಟ್ಟಿಗೆಯೂ ಸ್ಪೀಕರೂ ಸೇರಿ ಗುಂಯ್ ಎನ್ನುತ್ತಿದ್ದವು. ಹಾಡು ನಿಂತರೂ ಗುಂಯ್ ನಿಲ್ಲುತ್ತಿರಲಿಲ್ಲ.

ಒಂದು ಮುಂಜಾನೆ ಶೈಲಾಳ ಕಾಲ್ಬೆರಳು ಆ ಪೆಟ್ಟಿಗೆಗೆ ಬಡಿಯಿತು. ಅಲ್ಲಿಗೆ ತೀರ್ಪು ಹೊರಬಿತ್ತು. ಅಡುಗೆಮನೆಗೆ ಹೋಗಿ ಚಕ್ಕುಲಿಯ ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು.

"ಇದರಾಗ ಹಿಡಿಸೋವಂಥಾದ್ದು ಏನರ ಸಿಕ್ಕರ ತರ್ರಿ. ಇಲ್ಲಂದ್ರ ನಿಮ್ಮ ಸಂಗೀತ ಟೆರೇಸ್ ಮ್ಯಾಲೆ!"

ಜಗತ್ತಿನಲ್ಲಿ ಪವರ್ ಸಪ್ಲೈ ಆರಿಸಲು ಏನೇನೋ ಲೆಕ್ಕಗಳಿವೆಯಂತೆ. ನನಗೆ ಒಂದೇ ಲೆಕ್ಕ: ಚಕ್ಕುಲಿ ಡಬ್ಬಿ.

ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋದೆ. ಬೆಂಗೇರಿಯಲ್ಲಿರುವ ಗೆಳೆಯ ಬಸು ಜೊತೆಯಾದ. ಹತ್ತಿಯ ವ್ಯಾಪಾರಿ, ಆದರೆ ಸಂಗೀತ ಕೇಳುವುದಕ್ಕಿಂತ ಸಂಗೀತದೊಳಗಿನ ತಪ್ಪು ಕೇಳುವುದರಲ್ಲಿ ಅವನಿಗೆ ಹೆಚ್ಚು ಆನಂದ. ಸೀಡಿ ಹಚ್ಚಿದರೆ ಗಾಯಕನನ್ನು ಬಿಟ್ಟು ಹಿಂದೆ ಯಾರು ಕೆಮ್ಮಿದರು ಅನ್ನುತ್ತಾನೆ.

ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯ ಬಿಡಿಭಾಗಗಳ ಅಂಗಡಿಯಲ್ಲಿ ನಮ್ಮ ವಿಚಾರ ಸಂಕಿರಣ ನಡೆಯಿತು. ಮೊದಲು ಸಣ್ಣ ಟ್ರಾನ್ಸ್‌ಫಾರ್ಮರ್ ಬಂತು. ಡಬ್ಬಿಯೊಳಗೆ ಕೂತಿತು, ಮುಚ್ಚಳ ಹತ್ತಲಿಲ್ಲ. ಆಮೇಲೆ ಚಕ್ಕುಲಿಯಂತೆಯೇ ದುಂಡಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಬಂತು. ಡಬ್ಬಿಗೆ ಹೇಳಿ ಮಾಡಿಸಿದ ಹಾಗಿತ್ತು! ಆದರೆ ಅದಕ್ಕೆ ಬೇಕಾದ ಉಳಿದ ಸಾಮಾನಿಗೆ ಜಾಗವೇ ಇರಲಿಲ್ಲ. ಕೊನೆಗೆ ಅಂಗಡಿಯವರು ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಹಸಿರು ಮಾಡ್ಯೂಲ್ ಮುಂದಿಟ್ಟರು. ಹನ್ನೆರಡು ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದರೆ ಇನ್ನೂರೈವತ್ತು ವೋಲ್ಟ್ ಹೊರಗೆ. ಇಷ್ಟು ಸಣ್ಣದಕ್ಕೆ ಅಷ್ಟು ಸೊಕ್ಕು!

"ಇದನ್ನ ತೊಗೋಲೇ," ಎಂದ ಬಸು. "ಅದರ ಮ್ಯಾಲೆ ಬರದದ್ದರಾಗ ಅರ್ಧಾ ಖರೇ ಅಂತ ತಿಳಕೊ. ಅರ್ಧಾ ಆದ್ರೂ ನಿನಗ ಸಾಕು. ಇದರ ದನಿ ಮನಷ್ಯಾರ ಕಿವಿಗೆ ಕೇಳಾಂಗಿಲ್ಲ. ಗುಂಯ್ ಅನ್ನೋ ಪೀಡಾ ಹೋತು ಅಂತ ತಿಳಿ."

ಅದನ್ನೇ ತಂದೆ. ಡಬ್ಬಿಗೆ ಗಾಳಿಯಾಡಲು ತೂತು ಕೊರೆದು (ಶೈಲಾ ಕಣ್ಣು ಮುಚ್ಚಿಕೊಂಡಳು), ಅರ್ತಿಂಗ್ ಕೊಟ್ಟು, ಮಾಡ್ಯೂಲನ್ನು ಒಳಗೆ ಕೂರಿಸಿ, ಮುಚ್ಚಳಕ್ಕೆ ಸ್ಕ್ರೂ ಬಿಗಿದೆ. ಕಬ್ಬಿಣದ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಸ್ವಿಚ್ ಒತ್ತಿದೆ. ಏನೂ ಕೇಳಲಿಲ್ಲ. ಅಂದರೆ, ಅಷ್ಟು ಚೆನ್ನಾಗಿ ಏನೂ ಕೇಳಲಿಲ್ಲ! ಹಾಡು ಹಚ್ಚಿದ ಮೇಲೆಯೇ ಆನ್ ಆಗಿದೆ ಎಂದು ಗೊತ್ತಾದದ್ದು. ನಾನು ಬೀಗಿದ್ದೇ ಬೀಗಿದ್ದು.

"ಹೆಂಗೈತ್ರಿ ಅತ್ತಿ?"

"ಭಾಳ ಛಲೋ ಆತ್ರಿ. ಅಳಿಯಂದಿರು ಮಾಡ್ಯಾರಂದ ಮ್ಯಾಲೆ ಛಲೋನ ಇರತೈತ್ರಿ."

ನಮ್ಮ ಕಡೆ ಅಳಿಯನಾದವನ ದೊಡ್ಡ ಕಷ್ಟ ಇದು. ಅತ್ತೆಯ ಬಾಯಿಂದ ಅವನಿಗೆ ಯಾವತ್ತೂ ನಿಜ ಸಿಗುವುದಿಲ್ಲ. ನಾನು ಮಾಡಿದ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪು ಬಿದ್ದಿದ್ದರೂ ಅವರು ಕುಡಿದು, "ಛಲೋ ಐತ್ರಿ" ಅನ್ನುತ್ತಾರೆ. ನಿಜ ಬೇಕಾದರೆ ಮಗಳ ಮುಖಾಂತರವೇ ಬರಬೇಕು. ಅದು ಬರುವಾಗ ತುಸು ಖಾರ ಸೇರಿಸಿಕೊಂಡೇ ಬರುತ್ತದೆ.

ಬಂತು. ಎರಡು ದಿನ ಕಳೆದು ಅತ್ತೆಯವರು ಚೀಲಕ್ಕೆ ಸೀರೆ ತುಂಬಿಕೊಳ್ಳುತ್ತಿದ್ದರು. ಕಣ್ಣಿಗೆ ಹಾಕುವ ಔಷಧ ಇನ್ನೂ ಮುಗಿದಿರಲಿಲ್ಲ. ಕೇಳಿದರೆ, "ಕಣ್ಣು ನೆಟ್ಟಗಾದೂರಿ, ಊರಿಗೆ ಹೊಂಟೇನಿ." ಶೈಲಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು.

"ನಮ್ಮವ್ವನ ಹಾಡು ಕಸಗೊಂಡು ಕುಂತೀರಲ್ರೀ!"

ನಾನು? ಹಾಡು?

ಆಗ ಹೇಳಿದಳು. ಅತ್ತೆಯವರು ಊರಿನ ಭಜನಾ ಮೇಳದಲ್ಲಿ ವಚನ ಹಾಡುತ್ತಿದ್ದವರು, ಮಾವನವರು ಹಾರ್ಮೋನಿಯಂ ಹಿಡಿಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರು ಹಾಡಲು ಬಾಯಿ ಬಿಟ್ಟಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಶೈಲಾ ತಾನು ಕಲಿಸುವ ಸಾಲಿಯಿಂದ ಬರುವಾಗ ಗೇಟಿನ ಹತ್ತಿರವೇ ದನಿ ಕೇಳಿ ನಿಂತಳಂತೆ. ಒಳಗೆ ಅವ್ವ ಆಂಪ್ಲಿಫೈಯರ್ ಆನ್ ಮಾಡಿ, ಹಾಡು ಹಚ್ಚದೆ, ಆ ಗುಂಯ್‌ಗೆ ಶ್ರುತಿ ಹಿಡಿದು ತಾವೇ ಹಾಡುತ್ತಿದ್ದರು. ಅದಾದ ಮೇಲೆ ದಿನಾಲೂ. ಹಾಡು ಮುಗಿಯುವ ತನಕ ಮಗಳು ಗೇಟು ತೆರೆಯುತ್ತಿರಲಿಲ್ಲ.

"ಈಗ ಸ್ವಿಚ್ ಒತ್ತಿ ಸುಮ್ಮನ ಕುಂದರತಾಳ. 'ಶೈಲಾ, ನನ್ನ ಸಾ ಎಲ್ಲಿ ಹೋತವಾ?' ಅಂತ ಕೇಳತಾಳ. ಏನಂತ ಹೇಳ್ಲಿ? ಪೆಟ್ಟಿಗಿ ಸಣ್ಣದಾದ್ರ ಗುಂಯ್ ಅನ್ನೋದೂ ಹೋಗತೈತಿ ಅಂತ ನನಗರ ಏನ್ ಗೊತ್ತಿತ್ತು?"

ಆಂಪ್ಲಿಫೈಯರ್ ಬಿಸಿಯಾಗಿರುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ತೂಗುತ್ತದೆ, ಆಂಪ್ಲಿಫೈಯರ್ ಅದನ್ನು ಇಮ್ಮಡಿ ಮಾಡಿ ಗುನುಗುತ್ತದೆ. ಹಾರ್ಮೋನಿಯಂ ಮೇಲೆ ಹುಡುಕಿದರೆ ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ ಎಲ್ಲೋ ಕೂರುತ್ತದೆ. ಮಿಕ್ಸರ್ ತಿರುಗಿದರೂ ಅದರ ದನಿ ಯಾವ ಪಟ್ಟಿ, ಯಾವ ಶ್ರುತಿ ಎಂದು ಕೇಳುವ ಊರು ನಮ್ಮದು. ನಾನೂ ಬಸುವೂ ಮಾತ್ರ ಅದನ್ನು ಪೀಡೆ ಅಂದುಕೊಂಡಿದ್ದೆವು.

ಬುದ್ಧಿವಂತ ನೋಡಿ, ಕೂಡಲೇ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿ ಅತ್ತೆಯವರ ಮುಂದಿಟ್ಟೆ. "ಭಾಳ ಛಲೋ ಐತ್ರಿ," ಎಂದರು. ಹಾಡಲಿಲ್ಲ. ಚೀಲದ ಝಿಪ್ ಎಳೆದರು.

ಯಾಕೆ ಹಾಡಲಿಲ್ಲ? ತಂಬೂರಿ ಹಚ್ಚಿಟ್ಟರೆ ಅದು ಕಛೇರಿ. ಎದುರಿಗೆ ಅಳಿಯ ಬೇರೆ. ಗುಂಯ್ ಎನ್ನುವ ಪೆಟ್ಟಿಗೆಯ ಪಕ್ಕ ಕೂತರೆ ಯಾರೂ "ಹಾಡ್ರಿ" ಅನ್ನುವುದಿಲ್ಲ, ಯಾರೋ ಕೇಳುತ್ತಿದ್ದಾರೆ ಅನ್ನಿಸುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಅಷ್ಟೇ ಸಣ್ಣ ಆಸರೆ. ನಾನು ಅದನ್ನೇ ಮಂಚದ ಕೆಳಗೆ ತಳ್ಳಿದ್ದೆ.

ಆದರೆ ವಿಷಯ ಗೊತ್ತಾಯಿತು ಎಂದು ಹೇಳುವ ಹಾಗಿಲ್ಲ. ಹೇಳಿದರೆ ನಾಚಿ, ಮುಂದಿನ ಬಸ್ಸು ಹಿಡಿಯುತ್ತಾರೆ. ಆದ್ದರಿಂದ ಹಾಲ್‌ನಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಘೋಷಿಸಿದೆ: "ಶೈಲಾ, ಹೊಸಾದು ಕೆಟ್ಟು ಹೋತು! ಹಳೇದ ಹಚ್ಚಬೇಕು!"

"ಅಯ್ಯ, ಹೌದೇನ್ರಿ!" ಎಂದಳು ಶೈಲಾ. ಮದುವೆಯಾದಾಗಿನಿಂದ ಅವಳು ಇಷ್ಟು ಚೆನ್ನಾಗಿ ನಟಿಸಿದ್ದನ್ನು ನೋಡಿರಲಿಲ್ಲ. (ಅಥವಾ ನೋಡಿದ್ದೇನೆ, ಗೊತ್ತಾಗಿಲ್ಲವೇನೋ.) ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆಯಲು ಅವಳೇ ಕೈ ಹಚ್ಚಿದಳು. ಸೋಫಾವನ್ನೇ ಆಚೆ ಸರಿಸಿ ಅದಕ್ಕೆ ಜಾಗ ಮಾಡಿದಳು. ಸ್ವಿಚ್ ಒತ್ತಿದೆ. ಗುಂಯ್.

ಅತ್ತೆಯವರು ಚೀಲ ಹಿಡಿದು ಬಾಗಿಲಲ್ಲೇ ನಿಂತರು. ಸ್ವಲ್ಪ ಹೊತ್ತು ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಮಗಳನ್ನು. "ಔಷಧ ಇನ್ನೂ ಉಳದೈತಿ ಅಂದಿಯಲ್ಲ ಶೈಲಾ? ಮುಗಿಸೇ ಹೊಕ್ಕೇನಿ ತಗೋ," ಎಂದು ಚೀಲ ಕೆಳಗಿಟ್ಟರು. ಮರುದಿನ ಮಧ್ಯಾಹ್ನ ನಾನೂ ಬೇಗ ಬಂದು ಶೈಲಾಳ ಜೊತೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೆ.

ಹೋದ ಭಾನುವಾರ ಬಸು ಬಂದಿದ್ದ. ಕೂತ ಕೂಡಲೇ ಅವನ ಕಿವಿ ನಿಮಿರಿತು.

"ಲೇ, ಮತ್ತ ಗುಂಯ್ ಅನ್ನಾಕತ್ತೈತಲ್ಲೋ! ಸ್ಕ್ರೂಡ್ರೈವರ್ ತಾ, ನಾನ ಸರಿ ಮಾಡತೇನಿ."

ಅಡುಗೆಮನೆಯಿಂದ ಅತ್ತೆಯವರ ದನಿ ಬಂತು: "ಅದನ್ನ ಮುಟ್ಟಬ್ಯಾಡ್ರೀ, ಶಾಕ್ ಹೊಡಿತೈತಿ!"

ಹೊಡೆಯುವುದು ಪೆಟ್ಟಿಗೆಯೋ ತಾವೋ, ಅದನ್ನು ಮಾತ್ರ ಬಿಡಿಸಿ ಹೇಳಲಿಲ್ಲ.