ಆಚಾರ್ರು ಆರಿಸಿದ ಸ್ಟ್ಯಾಂಡು

ಶ್ರೀರಾಂಪುರದ ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಆಚಾರ್ರು, ಸಾಮಾನೆಲ್ಲ ಸ್ಕೂಟರಿಗೆ ಕಟ್ಟಿಕೊಂಡು ಊರು ಸುತ್ತಿ ಮರಗೆಲಸ ಮಾಡುತ್ತಿದ್ದವರು. ಹಲಗೆ ಇಟ್ಟು ಕೊಯ್ಯಲು ಮಡಚುವ ಸ್ಟ್ಯಾಂಡು ಒಂದು ಜೊತೆ ಬೇಕೆಂದು ಒಂದು ದಿನ ಮಂಡಿ ಮೊಹಲ್ಲಾದ ಅಂಗಡಿಗೆ ಹೊರಟರು. ಅದರಲ್ಲಿ ಆರಿಸುವುದೇನಿದೆ ಎಂಬ ಕುತೂಹಲಕ್ಕೆ ನಾನೂ ಹೋದೆ.

ಅಂಗಡಿಯವರು ಕೊಟ್ಟ ಹಗುರ ಜೊತೆಯನ್ನು ಆಚಾರ್ರು ಹೊರಗಿನ ಏರುತಗ್ಗಿನ ಚಪ್ಪಡಿಯ ಮೇಲೆ ಬಿಡಿಸಿಟ್ಟರು. ಒಂದೊಂದೇ ಕಾಲನ್ನು ಅದುಮಿ, ಕೀಲಿನ ಸದ್ದಿಗೆ ಕಿವಿಗೊಟ್ಟು, "ನೋಡಣ, ಏನಂತದೆ" ಎಂದರು. ಯಾವ ಸಾಮಾನು ಮುಟ್ಟಿದರೂ ಅವರದು ಇದೇ ಮಾತು.

"ಇಬ್ರು ನಿಂತ್ರೂ ಏನೂ ಆಗಲ್ಲ ಕಣ್ರೀ" ಎಂದರು ಅಂಗಡಿಯವರು.

"ಇಬ್ರು ಬ್ಯಾಡ, ನೀವೊಬ್ರೇ ನಿಂತ್ಕೊಳಿ ಸ್ವಾಮಿ."

ಅಂಗಡಿಯವರು ಹಿಂಜರಿದರು. ಆಚಾರ್ರು ನಗಲಿಲ್ಲ. ತುದಿಯಿಲ್ಲದ ಎಡ ತೋರುಬೆರಳನ್ನು ಮುಂದೆ ಹಿಡಿದು, "ಹಿಂದಿನ ಸ್ಟ್ಯಾಂಡು ಜಾರ್ಬುಡ್ತು. ಕೊಯ್ಯೋ ಮಿಷಿನ್ ಓಡ್ತಿತ್ತು" ಎಂದರು, ಅಷ್ಟೇ.

ಅಂಗಡಿಯವರು ಆ ಜೊತೆಯನ್ನು ಮಡಚಿದರು. ಒಳಗಿನಿಂದ ಅಗಲ ಕಾಲಿನ ಭಾರದ ಜೊತೆಯೊಂದನ್ನು ತಂದು, ಮೇಲೊಂದು ಹಲಗೆ ಹಾಸಿ, ಚಪ್ಪಲಿ ಬಿಟ್ಟು, ಆಚಾರ್ರ ಹೆಗಲು ಹಿಡಿದು ತಾವೇ ಹತ್ತಿ ನಿಂತರು.