ಎರಡನೆಯ ಹಗೇವು

ಹಗೇವಿನ ಜೋಳದ ವಾಸನೆ ಗೊತ್ತಿಲ್ಲದವರಿಗೆ ನಾನು ಹೇಳಿ ತಿಳಿಸಲಾರೆ. ಸ್ವಲ್ಪ ಹುಳಿ, ಸ್ವಲ್ಪ ಮಣ್ಣು. ಮೊದಲ ಸಲ ಆ ರೊಟ್ಟಿ ತಿಂದವರು ಮೂಗು ಮುರಿಯುತ್ತಾರೆ, ರೂಢಿಯಾದ ಮೇಲೆ ಬೇರೆ ರೊಟ್ಟಿ ಸಪ್ಪೆ ಎನ್ನುತ್ತಾರೆ. ಈಗ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಗೆ ಬರುವ ಜೋಳ ಬೆಳ್ಳಗೆ, ಚೊಕ್ಕಟವಾಗಿರುತ್ತದೆ. ನಾನು ಹಿಟ್ಟಿನ ಡಬ್ಬಿ ತೆರೆದು ಮೂಸುವುದನ್ನು ಕಂಡು ಹೆಂಡತಿ ಗದರುತ್ತಾಳೆ. ಏನೂ ಸಿಗುವುದಿಲ್ಲ, ಆದರೂ ಮೂಸುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಅಕ್ಕಲಕೋಟೆಯಲ್ಲಿ ರೈತರ ಮಾಲು ಮಾರಾಟ ಸಂಘವೊಂದರಲ್ಲಿ ನನಗೆ ನೌಕರಿ. ಸೊಲ್ಲಾಪುರ ಪೇಟೆಯ ಧಾರಣೆಯನ್ನು ಸೈಕಲ್ ಮೇಲೆ ಹಳ್ಳಿಗಳಿಗೆ ಒಯ್ಯುವುದು, ಯಾವಾಗ ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂದು ರೈತರಿಗೆ ಹೇಳುವುದು ನನ್ನ ಕೆಲಸ. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಲೇ ಮಾರಲು ಹೋಗಿ ಧಾರಣೆ ಬೀಳುತ್ತಿತ್ತು. ಶ್ರಾವಣದ ಹೊತ್ತಿಗೆ ಅದೇ ಜೋಳಕ್ಕೆ ಕೋಡು ಮೂಡುತ್ತಿದ್ದವು. ಪುಣೆಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಬಂದಿದ್ದ ನನಗೂ ಕೋಡು ಮೂಡಿದ್ದವು.

ವಳಸಂಗದಿಂದ ಒಂದು ತಾಸಿನ ಹಾದಿಯ ಹಳ್ಳಿಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳಿದ್ದಳು, ಎಲ್ಲರೂ ಆಯಿ ಎನ್ನುತ್ತಿದ್ದರು. ಗಂಡನಿಲ್ಲ, ಇದ್ದೊಬ್ಬ ಮಗಳು ಮದುವೆಯಾಗಿ ಹೋಗಿದ್ದಳು. ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಕ್ಕೋ ಏನೋ, ವಾರಕ್ಕೊಮ್ಮೆ ಹೋಗಬೇಕಾದ ಆ ಹಳ್ಳಿಗೆ ಎರಡು ಸಲ ಹೋಗುತ್ತಿದ್ದೆ. ಆ ವರ್ಷ ಅವಳ ಜೋಡೆತ್ತಿನಲ್ಲಿ ಒಂದು ಸತ್ತಿತ್ತು. ಹಿಂಗಾರಿ ಬಿತ್ತನೆಯೊಳಗೆ ಉಳಿದ ಎತ್ತಿಗೆ ಜೋಡಿ ತರಬೇಕು. ಇಲ್ಲದಿದ್ದರೆ ಮಂದಿಯ ಎತ್ತಿಗಾಗಿ ಕಾಯ್ದು ಹದ ತಪ್ಪಿಸಿಕೊಳ್ಳಬೇಕು. ಎತ್ತು ತರಲು ಹಗೇವಿನ ಜೋಳವೇ ಆಧಾರವಾಗಿತ್ತು.

ಹಗೇವೆಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಒಳಗೆ ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಇಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಹುಳ ಮುಟ್ಟುವುದಿಲ್ಲ. ತೆರೆದ ದಿನ ಒಳಗೆ ಕಂದೀಲು ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ಯಾರೂ ಇಳಿಯುವುದಿಲ್ಲ.

ಜ್ಯೇಷ್ಠದಲ್ಲಿ ಧಾರಣೆ ಒಮ್ಮೆ ಏರಿತು. ಪುಣೆಯಲ್ಲಿ ಕಲಿತ ಪಾಠವನ್ನು ಆಯಿಗೆ ಒಪ್ಪಿಸಿದೆ. ಎಲ್ಲ ಒಂದೇ ದಿನ ಮಾರಬೇಡ. ಅರ್ಧ ಈಗ, ಅರ್ಧ ಶ್ರಾವಣಕ್ಕೆ. ಧಾರಣೆ ಏರಲಿ ಇಳಿಯಲಿ, ಪೂರ್ತಿ ಮುಳುಗುವುದಿಲ್ಲ.

“ಹಗೇವಿನ ಬಾಯಿ ತಗದ್ರ ತಳಾ ಕಾಣೂತನಾ ತಗೀಬೇಕಪಾ,” ಎಂದಳು.

ನಾನು ನಕ್ಕೆ. ಅದೆಲ್ಲ ಹಳೆಯ ಕಾಲದ ನಂಬಿಕೆ ಎಂದೆ. ನನ್ನ ಕೈಯಲ್ಲಿ ಅಚ್ಚಾದ ಕಾಗದವಿತ್ತು, ಅವಳಿಗೆ ಓದು ಬರುತ್ತಿರಲಿಲ್ಲ, ಒಪ್ಪಿದಳು. ಅರ್ಧ ತೆಗೆದು ಸೊಲ್ಲಾಪುರಕ್ಕೆ ಕಳಿಸಿ, ಬಾಯಿಗೆ ಮತ್ತೆ ಕಲ್ಲು ಮುಚ್ಚಿದೆವು. ಶ್ರಾವಣದಲ್ಲಿ ತೆರೆದರೆ ಉಳಿದ ಜೋಳ ಕಾವು ಏರಿ, ಹುಳ ಹಿಡಿದು, ಹೆಂಟೆ ಕಟ್ಟಿತ್ತು. ನಾವು ತೆರೆದಾಗ ಗಾಳಿ ಹೊಕ್ಕಿತ್ತು, ಗಾಳಿಯ ಹಿಂದೆ ಮಳೆಯ ತೇವ. ದನಕ್ಕೆ ಹಾಕಿರಿ ಎಂದರು ಪೇಟೆಯವರು. ಮೊದಲರ್ಧದ ಹಣ ಸಾಲದೆ ಎತ್ತು ಬರಲಿಲ್ಲ. ಬಿತ್ತನೆ ಮಂದಿಯ ಎತ್ತಿನಿಂದ, ಅದೂ ತಡವಾಗಿ ಆಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಇದ್ದದ್ದು ಆ ಒಕ್ಕಾಲಷ್ಟೇ.

ಎರಡು ತಿಂಗಳು ಆ ಹಾದಿ ಹಿಡಿಯಲಿಲ್ಲ. ಕೊನೆಗೆ ಬೈಸಿಕೊಂಡಾದರೂ ಬರೋಣವೆಂದು ಹೋದೆ. ಆಯಿ ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು. ರೊಟ್ಟಿ, ಶೇಂಗಾ ಚಟ್ನಿ ಹಾಕಿ ಉಣ್ಣಿಸಿ, ಹೊರಗೆ ಕರೆದೊಯ್ದಳು. ಹಳೆಯ ಹಗೇವಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಹಗೇವು ತೋಡಿಸಲು ಹಚ್ಚಿದ್ದಳು.

“ಅರ್ಧ ಈಗ, ಅರ್ಧ ಮುಂದ ಅಂದಿ, ಖರೇನ ಐತಿ ಮಗಾ. ಬಾಯಿ ಒಂದೇ ಇತ್ತಲ್ಲ, ಅದಕ್ಕ ಕೆಟ್ಟಿತು. ಇನ್ನ ಎರಡು ಇರ್ತಾವ. ಎರಡನೇದು ಯಾವಾಗ ತಗೀಬೇಕು, ನೀನೇ ಬಂದು ಹೇಳು.”

ಪುಣೆಯಲ್ಲಿ ಯಾರಿಗೂ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಆಗಲಿ ಎಂದೆ. ಅಕ್ಕಲಕೋಟೆಗೆ ಮರಳಿದವನೇ ಸೊಲ್ಲಾಪುರಕ್ಕೆ ವರ್ಗ ಬೇಡಿದೆ. ಅರ್ಜಿಯಲ್ಲಿ ಸೈಕಲ್ ತುಳಿದು ಮೊಣಕಾಲು ನೋಯುತ್ತದೆ ಎಂದು ಬರೆದೆ. ಖರೆ ಎಂದರೆ, ಕೆಡಿಸಿದವನನ್ನೇ ಮತ್ತೆ ನಂಬಿದವಳನ್ನು ಕಂಡು ನನಗೆ ಹೆದರಿಕೆಯಾಗಿತ್ತು.

ಮರುವರ್ಷ ಆ ಹಳ್ಳಿಯ ಗಾಡಿಯವನು ಸೊಲ್ಲಾಪುರದ ನವಿ ಪೇಠದ ಹತ್ತಿರದ ನಮ್ಮ ಕಚೇರಿಗೆ ಬಂದ. ಮೊದಲನೆಯ ಹಗೇವಿನ ಜೋಳ ಮಾರಿಯಾಗಿದೆ, ಎರಡನೆಯದರ ಬಾಯಿ ತೆಗೆದಿಲ್ಲ, ನಾನು ಯಾವಾಗ ಬರುತ್ತೇನೆಂದು ಆಯಿ ಕೇಳಿದ್ದಾಳೆ ಎಂದ. ಆಗ ಧಾರಣೆ ತುದಿಯಲ್ಲಿತ್ತು. ಈಗಲೇ ತೆಗೆಯಿರಿ ಎಂದು ಚೀಟಿ ಬರೆದುಕೊಟ್ಟೆ. ಮುಂದಿನ ವಾರ ಚೀಟಿ ತಿರುಗಿ ಬಂತು.

“ಚೀಟಿ ಬ್ಯಾಡ, ಅವನೇ ಬರಲಿ ಅಂದಾಳ್ರಿ,” ಎಂದ ಗಾಡಿಯವನು.

ಬರುತ್ತೇನೆಂದು ಹೇಳಿ ಕಳಿಸಿದೆ, ಹೋಗಲಿಲ್ಲ. ಧಾರಣೆ ಜಾರತೊಡಗಿತು. ಹದಿನೈದು ದಿನ ಕಾಯ್ದು ಅವಳೇ ಬಾಯಿ ತೆಗೆಸಿದಳು. ಗಾಡಿಯವನು ನನಗೊಂದು ಸಣ್ಣ ಚೀಲ ತಂದುಕೊಟ್ಟ. ಒಂದೂ ಹುಳವಿಲ್ಲದ ಜೋಳ, ಅದೇ ವಾಸನೆ. ತಡವಾದರೂ ಎತ್ತಿಗೆ ಸಾಕಾಗುವಷ್ಟು ಬಂತಂತೆ, ಜೋಡಿಯಾಗಿದೆಯಂತೆ. ನೋಡಲು ಬಾ ಎಂದು ಹೇಳಿಕಳಿಸಿದ್ದಳು.

ಆ ಜೋಳದ ರೊಟ್ಟಿ ಒಂದು ತಿಂಗಳು ತಿಂದೆ. ದೀಪಾವಳಿಗೆ ಹೋದರಾಯಿತು ಎಂದುಕೊಂಡೆ, ಆಮೇಲೆ ಸುಗ್ಗಿಗೆ ಎಂದುಕೊಂಡೆ. ಸೊಲ್ಲಾಪುರದಿಂದ ವಳಸಂಗವೇನು ಪರದೇಶವಲ್ಲ. ಹಾಗೆ ಮಗಾ ಎಂದು ಕರೆದವರು ಮುಂದೆ ನನಗೆ ಯಾರೂ ಸಿಗಲಿಲ್ಲ. ಈ ವಯಸ್ಸಿನಲ್ಲೂ ಆ ಕರೆಗೆ ಜೀವ ಹಂಬಲಿಸುತ್ತದೆ. ಅವಳು ತಂದ ಎತ್ತಿನ ಬಣ್ಣ ಯಾವುದಿತ್ತೋ, ನನಗೆ ಗೊತ್ತಿಲ್ಲ.