ಪಕ್ಕದ ಮನೆಯ ಮಗು

ನಮ್ಮ ಮನೆಗೆ ಯಾತ್ರಿಕರು ಬಂದಾಗಲೆಲ್ಲ ನಾನು ತಾರಸಿ ಸೇರಬೇಕಿತ್ತು. ಕಾರಣ ನನ್ನ ಉಸಿರು. ಹುಟ್ಟಿದಾಗಿನಿಂದಲೂ ಅದು ಗೊರಗೊರ ಸದ್ದು ಮಾಡುತ್ತಿತ್ತು. ಉಣ್ಣುವಾಗ, ಬಗ್ಗುವಾಗ ಇನ್ನೂ ಜೋರು; ತುತ್ತೂ ಸುಲಭವಾಗಿ ಇಳಿಯುತ್ತಿರಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿದರೆ ಕೊಂಚ ಸಲೀಸು. ಹಾಗಾಗಿ ಸದಾ ಆಕಾಶ ನೋಡಿಕೊಂಡೇ ಓಡಾಡುತ್ತಿದ್ದೆ. ಉತ್ತರದ ಆ ತೀರ್ಥಕ್ಷೇತ್ರದಲ್ಲಿ, ನಮ್ಮ ಬಂಗಾಲಿ ಟೋಲಾ ಕೇರಿಯ ಗಲ್ಲಿಯಲ್ಲಿ ಹಾಗೆ ನಡೆದರೆ ಸಗಣಿ ತುಳಿಯದೆ ಮನೆ ಸೇರುವುದುಂಟೆ?

ಅಪ್ಪ ಕನ್ನಡದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಊರಿನ ಕಡೆಯಿಂದ ಬಂದವರು ಕರ್ಮ ಮುಗಿಸಿ ನಮ್ಮ ನಡುಮನೆಯಲ್ಲೇ ಊಟಕ್ಕೆ ಕೂರುತ್ತಿದ್ದರು. ಪಿತೃಗಳು ಬಂದು ಉಣ್ಣುವ ಹೊತ್ತೆಂದು ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಮೌನದಲ್ಲಿ ನನ್ನ ಗೊರಗೊರ ಕೇಳಿಸಿದರೆ ಗತಿಯೇನು? ಗಂಟಲಲ್ಲಿ ಅನ್ನ ಇಳಿಯದ ಮಗುವೆಂದರೆ ಆ ಮನೆಯ ಪಿತೃಗಳು ತಣಿದಿಲ್ಲವೆಂದೇ ನಮ್ಮವರ ನಂಬಿಕೆ. ತನ್ನ ಹಿರಿಯರನ್ನೇ ತಣಿಸಲಾರದವನು ನಮ್ಮವರನ್ನೇನು ತಣಿಸಿಯಾನು ಎಂದು ಯಾತ್ರಿಕರು ಎದ್ದು ಹೋದಾರು. ಅಪ್ಪನೂ ಅದನ್ನೇ ನಂಬಿದ್ದ. ಪಿಶಾಚಮೋಚನ ಕುಂಡದಲ್ಲಿ ಬೇರೊಬ್ಬ ಪುರೋಹಿತನಿಂದ ಕದ್ದುಮುಚ್ಚಿ ಶಾಂತಿಯನ್ನೂ ಮಾಡಿಸಿದ್ದ.

ಒಮ್ಮೆ ಹಸಿವು ತಾಳದೆ ಕೆಳಗಿಳಿದುಬಿಟ್ಟೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಹಿರಿಯರೊಬ್ಬರು ನನ್ನ ಸದ್ದಿಗೆ ತಿರುಗಿದರು.

"ಯಾರ ಮಗು ಶಾಸ್ತ್ರಿಗಳೇ ಇದು?"

"ಪಕ್ಕದ ಮನೇದು," ಅಂದ ಅಪ್ಪ. ನನ್ನ ಕಡೆ ನೋಡಲಿಲ್ಲ.

ಸಂಜೆ ಜಡೆ ಹೆಣೆಯುತ್ತಾ ಅಮ್ಮ ಹೇಳಿಕೊಟ್ಟಳು: "ಯಾರಾದ್ರೂ ಕೇಳಿದ್ರೆ ಪಕ್ಕದ ಮನೆಯೋಳು ಅನ್ನು ಕಂದಾ. ಹಿಂದೀಲಿ ಹೇಳು. ಕನ್ನಡ ಆಡಿದ್ರೆ ಗೊತ್ತಾಗಿಬಿಡತ್ತೆ." ನಾನು ಜಾಣೆ, ಬೇಗ ಕಲಿತೆ. ನಾಚಿಕೆ ಎಂದರೇನೆಂದು ತಿಳಿಯುವ ಮೊದಲೇ ಆ ಮನೆಯ ನಾಚಿಕೆ ನಾನೇ ಎಂದು ತಿಳಿದುಹೋಗಿತ್ತು.

ನನಗೆ ಏಳು ತುಂಬುವ ಹೊತ್ತಿಗೆ ಒಂದು ದಿನ ವಡೆಯ ಚೂರು ಸಿಕ್ಕಿಕೊಂಡು ತುಟಿಯೆಲ್ಲ ನೀಲಿಯಾಯಿತು. ಮನೆ ತುಂಬ ಯಾತ್ರಿಕರು. ಅಮ್ಮ ಅವರ ನಡುವೆಯೇ ನನ್ನನ್ನು ಎತ್ತಿಕೊಂಡು ಓಡಿ ರಿಕ್ಷಾ ಹತ್ತಿದಳು. ದಾರಿಯ ಕುಲುಕಾಟಕ್ಕೆ ವಡೆ ಹೊರಬಂತು. ಅಮ್ಮ ಮಾತ್ರ ರಿಕ್ಷಾ ತಿರುಗಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸುಣ್ಣದಂಥದ್ದೇನೋ ಕುಡಿಸಿ ಎಕ್ಸ್‌ರೇ ತೆಗೆದರು. ಆಮೇಲೆ ಡಾಕ್ಟರು ಅಪ್ಪನನ್ನು ಕರೆಸಿ ವಿವರಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬಸಿರಿನಲ್ಲೇ ಎರಡು ಕವಲಾಗಿ, ಉಸಿರಿನ ಕೊಳವೆಯನ್ನೂ ಅನ್ನದ ಕೊಳವೆಯನ್ನೂ ಬಳೆಯ ಹಾಗೆ ಸುತ್ತಿ ಬಿಗಿದಿದೆಯಂತೆ. ಅಪ್ಪ ತಡವರಿಸುತ್ತಾ ಪಿತೃದೋಷವೇ ಎಂದು ಕೇಳಿದ.

"ಖೂನ್ ಕೀ ನಲೀ ಹೈ ಪಂಡಿತ್‌ಜೀ," ಅಂದರು ಡಾಕ್ಟರು. "ಔರ್ ಕುಛ್ ನಹೀಂ." ರಕ್ತದ ಕೊಳವೆ, ಬೇರೇನಿಲ್ಲ.

ಎಡಪಕ್ಕೆ ಸೀಳಿ, ಕವಲುಗಳಲ್ಲಿ ಸಣ್ಣದನ್ನು ಕಟ್ಟಿ ಕತ್ತರಿಸಿದರು. ಇಷ್ಟು ವರ್ಷ ಅಮುಕಿದ್ದ ಕೊಳವೆ ಗಟ್ಟಿಯಾಗಬೇಕು, ಸದ್ದು ಇನ್ನೂ ಕೆಲಕಾಲ ಇರುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು. ಮೊದಲ ದಿನ ಅಪ್ಪನೇ ತುತ್ತು ಕಲೆಸಿ ಬಾಯಿಗಿಟ್ಟ. ಅನ್ನ ಸರಾಗವಾಗಿ ಇಳಿಯಿತು. ಅಪ್ಪ ಎದ್ದುಹೋಗಿ ಬಚ್ಚಲಲ್ಲಿ ಅತ್ತ. ನನಗೆ ಅದನ್ನು ಕೇಳಿಸಿಕೊಳ್ಳುವುದಕ್ಕೂ ನಾಚಿಕೆಯಾಯಿತು.

ಮುಂದಿನ ಸಲ ಯಾತ್ರಿಕರು ಬಂದಾಗ, ಎಲೆ ಹಾಕುವ ಮೊದಲು ಅಪ್ಪ ಮೆಟ್ಟಿಲ ಬಳಿ ನಿಂತು ಕೂಗಿದ: "ಕೆಳಗೆ ಬಾ, ಎಲ್ಲರ ಜೊತೆ ಕೂತ್ಕೋ." ಗೊರಗೊರ ಎನ್ನುತ್ತಾ ಇಳಿದೆ. ಎಲ್ಲರೂ ನೋಡಿದರು. ಅಜ್ಜಿಯೊಬ್ಬರು ಕೈಹಿಡಿದು, "ಯಾರ ಮಗಳಮ್ಮಾ ನೀನು?" ಅಂದರು.

ಅಪ್ಪ ಮುಖ ಅರಳಿಸಿಕೊಂಡು ನನ್ನ ಉತ್ತರಕ್ಕೇ ಕಾಯುತ್ತಿದ್ದ. ನಾನು ಕಲಿತದ್ದನ್ನು ಒಪ್ಪಿಸಿದೆ.

"ಮೈಂ ಬಗಲ್‌ವಾಲೇ ಘರ್ ಕೀ ಹೂಂ." ಪಕ್ಕದ ಮನೆಯವಳು.

"ಅಲ್ಲ, ಅಲ್ಲ, ನನ್ನ ಮಗಳು ಇವಳು," ಅಂದ ಅಪ್ಪ.

ಅಜ್ಜಿ ನನ್ನ ತಲೆ ಸವರಿ ನಕ್ಕರು. "ಯಾರದೋ ಕಾಯಿಲೆ ಮಗೂನ ನನ್ನ ಮಗಳು ಅಂತೀರಲ್ಲ ಶಾಸ್ತ್ರಿಗಳೇ, ದೊಡ್ಡ ಮನಸ್ಸು ನಿಮ್ಮದು."